ನರಕದ ಏಳು ಸುತ್ತು ಸಾಕು

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಯುವಮಿತ್ರರೇ, ಹಳೆಯ ಪಿಎಸ್‌ಪಿ ಗೇಮುಗಳು ಈಗ ಮೊಬೈಲಿನಲ್ಲೂ ಓಡುತ್ತವೆ. ಅವುಗಳಲ್ಲಿ 2010ರ ‘ಡಾಂಟೇಸ್ ಇನ್‌ಫರ್ನೊ’ ಒಂದು. ಹದಿನೇಳು ತುಂಬದವರಿಗೆ ಇದು ಬೇಡವೇ ಬೇಡ. ರಕ್ತ, ನಗ್ನತೆ ಎರಡೂ ವಿಪರೀತ.

ದೊಡ್ಡವರು ಕೊನೆತನಕ ಆಡಬೇಕೇ? ಬೇಡ ಅಂತೀನಿ. ನರಕದ ಒಂಬತ್ತು ಸುತ್ತು, ಹೋಗಲು ಒಂದೇ ದಾರಿ, ಕೈಯಲ್ಲಿ ಸಾವಿನ ಕುಡುಗೋಲು. ಏಳನೆಯ ಸುತ್ತಿನವರೆಗೆ ಸರಿ. ಎಂಟನೆಯದು ಒಂದರ ಹಿಂದೊಂದು ಹತ್ತು ಕಾಳಗದ ಪರೀಕ್ಷೆ, ಅಷ್ಟೇ. ಪರೀಕ್ಷೆ ನಮಗೆ ಕಾಲೇಜಿನಲ್ಲೇ ಸಾಕಷ್ಟಿವೆ!

ಆದರೆ ಒಂದು ಕಡೆ ನನ್ನ ಕೈ ತಡೆಯಿತು. ವಿಶ್ವಾಸಪ್ರಮಾಣದಲ್ಲಿ ನಾವು ಹೆಸರಿಸುವ ಪಿಲಾತ ಎದುರಿಗೆ ಬರುತ್ತಾನೆ. ದಂಡಿಸುವೆಯೋ, ಕ್ಷಮಿಸುವೆಯೋ ಎಂದು ಗೇಮ್ ಕೇಳುತ್ತದೆ. ಒಳ್ಳೆಯ ಪ್ರಶ್ನೆ. ಕ್ಷಮಿಸಿದರೆ ಸಮಯಕ್ಕೆ ಸರಿಯಾಗಿ ಬಟನ್ ಒತ್ತಬೇಕು, ಅದಕ್ಕೆ ಅಂಕ ಸಿಗುತ್ತದೆ, ಆ ಅಂಕದಿಂದ ಹೊಸ ಹೊಡೆತಗಳನ್ನು ಕೊಳ್ಳಬಹುದು. ಕ್ಷಮೆ ಅಲ್ಲಿಗೆ ವ್ಯಾಪಾರವಾಯಿತು. ಪಾಪನಿವೇದನೆ ಕೇಳುವ ಗುರುಗಳು ಅಂಕ ಹಾಕುವುದಿಲ್ಲವಲ್ಲ!

ಮುಗಿಸಿದರೂ ಪರದೆಯ ಮೇಲೆ ಬರುವುದು ‘ಮುಂದುವರಿಯುವುದು’ ಎಂಬ ಮಾತು. ಎರಡನೆಯ ಭಾಗ ಬರಲೇ ಇಲ್ಲ. ಮೂಲದಲ್ಲಿ ದಾಂತೆ ಅಲ್ಲಿ ನಿಂತವನಲ್ಲ: ಅವನ ಕಾವ್ಯದ 100 ಸರ್ಗಗಳಲ್ಲಿ ನರಕಕ್ಕೆ 34, ಉಳಿದ 66 ಶುದ್ಧೀಕರಣ ಸ್ಥಳಕ್ಕೂ ಸ್ವರ್ಗಕ್ಕೂ.