ಜೋಡಿ ಎಕ್ಕ ಹಿಡಿದು ಸೋತ ಕಥೆ

ಹಾಸ್ಟೆಲ್ ರೂಮಿನಲ್ಲಿ ಆರು ಜನ ಇಸ್ಪೀಟು ಆಡಲು ಕೂತಿದ್ದೆವು. ಪಣಕ್ಕೆ ಬೆಂಕಿಕಡ್ಡಿ. (ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ನಮ್ಮಮ್ಮ ಅದಕ್ಕೂ ಮೊದಲೇ ನಿಷೇಧಿಸಿದ್ದಳು.) ಆಡುತ್ತಿದ್ದದ್ದು ಪೋಕರ್. ಒಬ್ಬೊಬ್ಬರ ಕೈಗೆ ಎರಡೇ ಎಲೆ. ಎಲ್ಲರಿಗೂ ಸೇರಿದ ಐದು ಎಲೆಗಳನ್ನು ಮಧ್ಯೆ ಬಿಚ್ಚುತ್ತಾರೆ. ಒಟ್ಟು ಏಳರಲ್ಲಿ ಯಾರ ಐದು ಎಲೆ ದೊಡ್ಡದೋ ಅವರು ಗೆದ್ದರು.

ನನಗೆ ಎರಡು ಎಕ್ಕ ಬಂತು! ಸರಾಸರಿ 221 ಸಲ ಹಂಚಿದರೆ ಒಮ್ಮೆ ಬರುವ ಜೋಡಿ, ಆಟದಲ್ಲಿ ಇದಕ್ಕಿಂತ ಒಳ್ಳೆಯ ಆರಂಭವೇ ಇಲ್ಲ. ಇದ್ದಬದ್ದ ಕಡ್ಡಿಯನ್ನೆಲ್ಲ ಮುಂದೆ ತಳ್ಳಿದೆ. ಕಡ್ಡಿ ತಾನೇ ಎಂದು ಉಳಿದ ಐವರೂ ಜಗ್ಗಲಿಲ್ಲ. ಕೊನೆಗೆ 7 ಮತ್ತು 2 ಹಿಡಿದಿದ್ದ ಗೆಳೆಯ ಎರಡು ಜೋಡಿ ಮಾಡಿಕೊಂಡು ಎಲ್ಲವನ್ನೂ ಬಾಚಿಕೊಂಡ. ಅದು ಆಟದಲ್ಲೇ ಅತಿ ಕೆಟ್ಟದ್ದೆಂದು ಹೆಸರಾದ ಕೈ.

ರಾತ್ರಿ ಸಿಟ್ಟಿನಲ್ಲಿ ಲೆಕ್ಕ ಹುಡುಕಿದೆ. ಎದುರಿಗೆ ಒಬ್ಬನೇ ಇದ್ದರೆ ಜೋಡಿ ಎಕ್ಕ ನೂರಕ್ಕೆ 85 ಸಲ ಗೆಲ್ಲುತ್ತದೆ. ಐವರು ಕೊನೆಯವರೆಗೆ ಉಳಿದರೆ ಹೆಚ್ಚುಕಡಿಮೆ ಅರ್ಧಕ್ಕರ್ಧ. ಒಂಬತ್ತು ಜನರಿದ್ದರೆ ಬರೀ 31. ಎಲೆ ಅದೇ, ಎದುರಿಗೆ ಕೂತವರು ಹೆಚ್ಚಾದರು ಅಷ್ಟೇ. ನಾನು ನನ್ನ ಎಲೆ ನೋಡಿದೆ, ಸುತ್ತ ಎಷ್ಟು ಜನರಿದ್ದಾರೆಂದು ನೋಡಲಿಲ್ಲ.

ಪಿಯುಸಿಯಲ್ಲಿ ಕಾಲೇಜಿಗೇ ಮೊದಲಿಗನಾಗಿದ್ದ ನನಗೆ ಬಿಇ ಮೊದಲ ಸೆಮಿಸ್ಟರ್‌ನಲ್ಲಿ ಆದದ್ದೂ ಇದೇ. ಇಲ್ಲಿ ಪ್ರತಿ ಬೆಂಚಿನಲ್ಲೂ ಒಬ್ಬ ಮೊದಲಿಗ! ಆದರೂ ಬುದ್ಧಿ ಬರಲಿಲ್ಲ. ಈಚೆಗೆ ಇಂಟರ್ನ್‌ಶಿಪ್ ಸಂದರ್ಶನದಲ್ಲಿ ‘ಜಾವಾದಲ್ಲಿ ನಿಮಗೆ ನೀವೇ ಹತ್ತಕ್ಕೆ ಎಷ್ಟು ಕೊಡ್ತೀರಿ?’ ಎಂದರು. ‘ಒಂಬತ್ತು’ ಎಂದೆ. ಎರಡನೇ ಪ್ರಶ್ನೆಗೇ ಬಾಯಿ ಒಣಗಿತು. ‘ಆತ್ಮವಿಶ್ವಾಸ ಇದ್ದರೆ ಅರ್ಧ ಗೆದ್ದಂತೆ’ ಎನ್ನುವ ಭಾಷಣಕಾರರು ಉಳಿದರ್ಧದ ಬಗ್ಗೆ ಏನೂ ಹೇಳುವುದಿಲ್ಲ.

7-2 ಹಿಡಿದು ಗೆದ್ದ ಗೆಳೆಯ ಮುಂದಿನ ಐದಾರು ಆಟದಲ್ಲೂ ಕಂಡ ಎಲೆಗೆಲ್ಲ ಕಡ್ಡಿ ಕಟ್ಟಿ ಬರಿಗೈಯಾದ. ಫಲಿತಾಂಶ ನೋಡಿ ನಿರ್ಧಾರಕ್ಕೆ ಅಂಕ ಕೊಡುವ ಈ ಚಾಳಿಯ ಬಗ್ಗೆ ಪೋಕರ್ ಆಟಗಾರ್ತಿಯಾಗಿದ್ದ ಆ್ಯನಿ ಡ್ಯೂಕ್ 2018ರ ‘ಥಿಂಕಿಂಗ್ ಇನ್ ಬೆಟ್ಸ್’ ಪುಸ್ತಕದಲ್ಲಿ ಬರೆದಿದ್ದಾರೆ. ಒಂದು ಸಂದರ್ಶನದಲ್ಲಿ ಎಡವಿದ್ದಕ್ಕೆ ಓದಿದ್ದೇ ದಂಡ ಎನ್ನುವುದೂ, ಅದೃಷ್ಟದಿಂದ ಪಾಸಾಗಿ ಓದು ಬಿಡುವುದೂ ಅದೇ ಚಾಳಿ.

ನನಗಿಂತ ಹೆಚ್ಚು ಕಷ್ಟ ನನ್ನ ರೂಮ್‌ಮೇಟ್‌ನದು. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ನಮ್ಮ ಲ್ಯಾಬ್ ಪ್ರೋಗ್ರಾಮ್ ಓಡದಿದ್ದರೆ ಎಲ್ಲರೂ ಅವನ ಹತ್ತಿರ ಓಡುತ್ತೇವೆ. ಆದರೆ ಇಂಟರ್ನ್‌ಶಿಪ್ ಅರ್ಜಿ ಬಂದರೆ ‘ನನ್ನ ಇಂಗ್ಲಿಷ್‌ಗೆ ಯಾರ್ ಕೊಡ್ತಾರೋ’ ಎಂದು ಸುಮ್ಮನಾಗುತ್ತಾನೆ. ಮಧ್ಯದ ಎಲೆ ಒಂದೂ ಬಿಚ್ಚುವ ಮೊದಲೇ ಜೋಡಿ ಎಕ್ಕ ಕೆಳಗಿಟ್ಟು ಏಳುವವನು ಅವನು. ನಾನು ಕಡ್ಡಿ ತಳ್ಳಿ ಸೋತದ್ದು ಕಂಡು ಎಲ್ಲರೂ ನಕ್ಕರು. ಅವನು ಕಳೆದುಕೊಂಡದ್ದು ಅವನಿಗೂ ಗೊತ್ತಾಗಿಲ್ಲ.

ಮೊನ್ನೆ ಅವನನ್ನು ಕೂರಿಸಿಕೊಂಡು ಕೇಳಿದೆ: ‘ನಮ್ಮ ಕ್ಲಾಸಲ್ಲಿ ನಿನಗಿಂತ ಚೆನ್ನಾಗಿ ಕೋಡ್ ಬರೆಯೋರು ಎಷ್ಟು ಜನ?’ ಬೆರಳು ಮಡಚಿ ಎಣಿಸಿದ. ಮೂರು ಎಂದ. ಅರವತ್ತರಲ್ಲಿ ಮೂರು! ‘ಇಂಗ್ಲಿಷಲ್ಲಿ?’ ಎಂದೆ. ‘ನಲವತ್ತು’ ಎಂದ. ನನಗೆ ಇಪ್ಪತ್ತೈದು ಅನ್ನಿಸುತ್ತದೆ, ವಾದ ಇನ್ನೂ ಮುಗಿದಿಲ್ಲ.

ಅರ್ಜಿಗೆ ಶುಕ್ರವಾರ ಕೊನೆಯ ದಿನ. ಹೆಸರು, ಯುಎಸ್ಎನ್ ತುಂಬಿಸಿದ್ದಾನೆ. ಸಬ್ಮಿಟ್ ಒತ್ತಿಲ್ಲ.