ಬೆಲೆ ಹೇಳಲೂ ಕಲಿಯಬೇಕು

ಬೆಂಗಳೂರಿನ ಚಿತ್ರಸಂತೆ. ಕುಮಾರಕೃಪಾ ರಸ್ತೆಯ ಬದಿಯಲ್ಲಿ ನನ್ನ ಮೊದಲ ಮಾರಾಟ. 12 ದಿನ ಕೂತು ಬರೆದ ಮೈಸೂರು ಶೈಲಿಯ ಚಿತ್ರಕ್ಕೆ ಬೆಲೆ ಕೇಳಿದರೆ, ‘1,500... ನೀವು ಎಷ್ಟು ಕೊಟ್ಟರೂ ಸರಿ ಸರ್’ ಎಂದುಬಿಟ್ಟೆ! ಚಿನ್ನದ ರೇಕು, ಚೌಕಟ್ಟಿನ ದುಡ್ಡೂ ಹುಟ್ಟಲಿಲ್ಲ.

ಪಕ್ಕದ ಹಿರಿಯ ಕಲಾವಿದರು ಬುತ್ತಿ ಬಿಚ್ಚುತ್ತಲೇ ಪಾಠ ಮಾಡಿದರು: ‘ಸಾಮಾನು, ಚೌಕಟ್ಟು, ಬಸ್‌ ಚಾರ್ಜ್ ಬರ್ಕೊ. ನಿನ್ನ ದಿನಗೂಲಿನೂ ಬರ್ಕೊ. ಬೆಲೆ ಹೇಳು, ಹೇಳಿ ಸುಮ್ಮನಿರು.’

ನಾಲ್ಕು ವರ್ಷದ ಪದವಿಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ. ಬೀದಿಯಲ್ಲಿ ಮಾರಿ ಬದುಕಿದ ಇಂಥವರನ್ನೇ ಕಲಾ ಕಾಲೇಜುಗಳು ಪಾಠಕ್ಕೆ ಕರೆಸಬಾರದೇ? ಸಂಭಾವನೆ ಕೊಟ್ಟು ಕರೆಸಲಿ, ಶಾಲು ಹೊದಿಸಿ ಅಲ್ಲ.

ಈಗ ಕಿರಿಯರಿಗೆ ಬಿಲ್ ಬರೆಯುವುದನ್ನು ನಾನೂ ಹೇಳಿಕೊಡುತ್ತೇನೆ. ಮುಂಗಡ ಕೇಳಲು ಮಾತ್ರ ನನಗೇ ಇನ್ನೂ ನಾಚಿಕೆ.