ಒಡೆಯೋ ಮುಂಚೆ ಒಂದ್ಸಲ ನೆಲ ನೋಡಿ

ಮನೆ ರಿಪೇರಿಯ ಎಸ್ಟಿಮೇಟ್ ಒಂದನ್ನು ಯಾವತ್ತಾದ್ರೂ ಪೂರ್ತಿ ಓದಿದ್ದೀರಾ? ಹಳೇ ನೆಲ ಒಡೆಯೋಕೆ ಇಷ್ಟು, ಅದನ್ನ ಸಾಗಿಸೋ ಟ್ರ್ಯಾಕ್ಟರಿಗೆ ಲೋಡಿಗೆ ಇಷ್ಟು, ಟೈಲ್ಸ್ ಚದರ ಅಡಿಗೆ ಇಷ್ಟು, ಕೂಲಿ ಇಷ್ಟು. ಎಲ್ಲಾ ಇರುತ್ತೆ. ಆದ್ರೆ ಒಡೆಯೋ ಮುಂಚೆ ಮನೆಯವರೆಲ್ಲ ನೆಲ, ಗೋಡೆ, ಬಾಗಿಲುಗಳನ್ನ ಒಂದ್ಸಲ ನೋಡಿಬರೋಕೆ ಒಂದು ದಿನ ಅಂತ ಮಾತ್ರ ಯಾರೂ ಬರೆಯಲ್ಲ. ಅದನ್ನೂ ಬರೀಬೇಕು ಅನ್ನೋದು ನಮ್ಮ ವಾದ. ಆ ಮನೇಲಿ ಹಿಂದೆ ನಾಯಿನೋ ಬೆಕ್ಕೋ ಬಾಳಿ ಹೋಗಿದ್ರೆ ಬರೆಯಲೇಬೇಕು.

ಯಾಕಂತೀರಾ? ಮನುಷ್ಯರು ಬಿಟ್ಟುಹೋಗೋಕೆ ಬೇಕಾದಷ್ಟು ಇದೆ. ಮಾರ್ಕ್ಸ್ ಕಾರ್ಡು, ಮದುವೆ ಆಲ್ಬಂ, ಪಹಣಿಯಲ್ಲಿ ಹೆಸರು, ಗೋಡೆ ಮೇಲೆ ಹಾರ ಹಾಕಿದ ಫೋಟೋ. ಈಗಿನ ನಾಯಿಗಳಿಗೂ ಕೊರತೆ ಇಲ್ಲ ಬಿಡಿ, ಪಿಜಿ ಓನರ್ ನಾಯಿಗೇ ಇನ್‌ಸ್ಟಾಗ್ರಾಮ್ ಅಕೌಂಟ್ ಇದೆ. ಆದ್ರೆ ನಾವು ಚಿಕ್ಕವರಿದ್ದಾಗ ಇದ್ದ ನಾಯಿಗಳ ಕಥೆ ಬೇರೆ. ಮನೇಲಿ ಒಳ್ಳೇ ಕ್ಯಾಮೆರಾ ಫೋನ್ ಬರೋ ಹೊತ್ತಿಗೆ ಅವಕ್ಕೆ ವಯಸ್ಸಾಗಿತ್ತು. ಅವು ಬಿಟ್ಟುಹೋದದ್ದು ಹಿತ್ತಲ ಬಾಗಿಲಿನ ಕೆಳಗೆ ಪರಚಿದ ಗೆರೆ, ದಿನಾ ಒರಗಿ ಒರಗಿ ಜಿಡ್ಡಾದ ಗೋಡೆಯ ಮೂಲೆ, ಚೈನ್ ಸಿಕ್ಕಿಸೋ ಕೊಕ್ಕೆ, ಸಿಮೆಂಟಲ್ಲಿ ಹೆಜ್ಜೆ. ರಿನೋವೇಶನ್ ಲೆಕ್ಕದಲ್ಲಿ ಇವೆಲ್ಲಾ ಡ್ಯಾಮೇಜು. ಪಾಲಿಶ್ ಹಾಕಿಸೋದು, ಪುಟ್ಟಿ ಮೆತ್ತೋದು, ಒಡೆಯೋದು.

ನಮ್ಮ ಮಂಡ್ಯದ ಮನೆಯದ್ದೇ ಉದಾಹರಣೆ ಕೊಡ್ತೀವಿ. ಕಳೆದ ರಜೆಯಲ್ಲಿ ಹಿತ್ತಲಿನ ಸಿಮೆಂಟ್ ನೆಲ ಒಡೆಸೋದು ಅಂತ ತೀರ್ಮಾನ ಆಯ್ತು. ತೀರ್ಮಾನ ಸರಿಯಾಗೇ ಇತ್ತು. ನೆಲ ಬಿರುಕುಬಿಟ್ಟು, ಪಾಚಿ ಕಟ್ಟಿ, ಅಜ್ಜಿ ಎರಡು ಸಲ ಜಾರಿದ್ರು. ಬಟ್ಟೆ ಒಗೆಯೋ ಕಲ್ಲನ್ನ ಪಕ್ಕಕ್ಕೆ ಸರಿಸಿದಾಗ ಅದರ ಹಿಂದೆ ನಾಲ್ಕು ಹೆಜ್ಜೆ ಕಾಣಿಸ್ತು. ನಾಯಿ ಹೆಜ್ಜೆ. ನಾಲ್ಕೂ ಅಡುಗೆಮನೆ ಬಾಗಿಲ ಕಡೆಗೆ.

ಅದು ಜಿಮ್ಮಿದು. 2007ರಲ್ಲಿ ಆ ನೆಲ ಹಾಕಿಸಿದಾಗ ಅದಿನ್ನೂ ಒಂದು ವರ್ಷದ ನಾಯಿ. 2016ರಲ್ಲಿ ತೀರಿಕೊಳ್ತು. ಹಿಂದಿನ ಖಾಲಿ ಜಾಗದ ತೆಂಗಿನ ಮರದ ಬುಡದಲ್ಲಿ ಮಣ್ಣು ಮಾಡಿದ್ವಿ. ಆ ಜಾಗ ಈಗ ಬೇರೆಯವರ ಸೈಟು, ಮರವೂ ಇಲ್ಲ. ಫೋಟೋ ಅಂತ ಇರೋದು ಒಂದೇ ಒಂದು: ಅಪ್ಪ ಹೊಸ ಸ್ಕೂಟರ್ ಪಕ್ಕ ನಿಂತು ತೆಗೆಸಿಕೊಂಡಿದ್ದು. ಅದರ ಮೂಲೆಯಲ್ಲಿ ಜಿಮ್ಮಿಯ ಹಿಂಭಾಗ ಮತ್ತು ಬಾಲ. ಅಂದ್ರೆ ಒಂಬತ್ತು ಹತ್ತು ವರ್ಷ ನಮ್ಮ ಜೊತೆ ಬೆಳೆದ ಒಂದು ಜೀವದ ನಿಜವಾದ ಅಳತೆಯ ಗುರುತು ಅಂತ ಉಳಿದಿದ್ದು ಆ ನಾಲ್ಕು ಹೆಜ್ಜೆ ಮಾತ್ರ. ಮೇಸ್ತ್ರಿ ಕೈಯಲ್ಲಿ ಆಗಲೇ ಬ್ರೇಕರ್ ಇತ್ತು.

ಇಲ್ಲಿ ಸ್ವಲ್ಪ ಲ್ಯಾಬ್ ನೆನಪು ಮಾಡಿಕೊಳ್ಳಿ. ವಿಕಾಟ್ ಉಪಕರಣದ ಸೂಜಿ ಸಿಮೆಂಟ್ ಪೇಸ್ಟಿನೊಳಗೆ ಇಳಿದು, ತಳದಿಂದ ಸುಮಾರು 5 ಮಿಲಿಮೀಟರ್ ಮೇಲೇ ನಿಂತುಬಿಟ್ರೆ ಅದು ಇನಿಶಿಯಲ್ ಸೆಟ್ಟಿಂಗ್. ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಅದು 30 ನಿಮಿಷಕ್ಕಿಂತ ಮುಂಚೆ ಆಗಬಾರದು, ಫೈನಲ್ ಸೆಟ್ಟಿಂಗ್ 600 ನಿಮಿಷ ದಾಟಬಾರದು. ನೆಲದಲ್ಲಿ ಹೆಜ್ಜೆ ಉಳಿಯೋದು ಈ ಸಣ್ಣ ಕಿಟಕಿಯಲ್ಲಿ ಮಾತ್ರ. ಬೇಗ ತುಳಿದ್ರೆ ಗಾರೆ ಮತ್ತೆ ಮುಚ್ಚಿಕೊಳ್ಳುತ್ತೆ ಇಲ್ಲವೇ ಮೇಸ್ತ್ರಿ ಸವರಿಬಿಡ್ತಾನೆ, ತಡವಾದ್ರೆ ಗುರುತೇ ಬೀಳಲ್ಲ. ಹಾಗಾಗಿ ಪ್ರತಿ ಹೆಜ್ಜೆಗೂ ಒಂದು ದಿನ, ಒಂದು ಹೊತ್ತು ಇರುತ್ತೆ. ಆ ಹೊತ್ತಿನಲ್ಲಿ ಏನಾಯ್ತು ಅಂತ ಹೇಳೋರು ಮನೇಲಿ ಇನ್ನೂ ಇದ್ದಾರೆ ಅಂದ್ರೆ ಈಗಲೇ ಕೇಳಿಬಿಡಬೇಕು.

ನಾವು ಅಜ್ಜೀನ ಕರ್ಕೊಂಡು ಬಂದು ತೋರಿಸಿದ್ವಿ. ಅಜ್ಜಿ ಬಗ್ಗಿ ನೋಡಿ, ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು: "ನಿಮ್ ತಾತ ಅವತ್ತು ಜಿಮ್ಮಿಗೆ ಕೋಲ್ ತಗೊಂಡು ಅಟ್ಟಾಡಿಸ್ಬುಟ್ರು. ಅದು ತಾನಾಗ್ ಬರ್ಲಿಲ್ಲ ಕಣ್ರೋ. ಮುದ್ದೆ ಚೂರ್ ಹಿಡ್ಕಂಡು ನಾನೇ ಕರ್ದಿದ್ದು." ತಾತ ಹೋಗಿ ಆರು ವರ್ಷ ಆಯ್ತು. ಅವರಿಗೆ ಇದು ಕೊನೆವರೆಗೂ ಗೊತ್ತಾಗಲೇ ಇಲ್ಲ. ನೆಲ ಬಿಟ್ಟು ಬೇರೆ ಯಾವುದೂ ಈ ಮಾತನ್ನ ಅಜ್ಜಿ ಬಾಯಿಂದ ಹೊರಡಿಸ್ತಿರಲಿಲ್ಲ.

"ಒಂದು ನಾಯಿಗೆ ಇಷ್ಟೆಲ್ಲಾ ಬೇಕಾ?" ಅಂತ ಕೇಳೋರಿಗೆ ನಮ್ಮ ಜಿಲ್ಲೆಯದ್ದೇ ಉತ್ತರ ಇದೆ. ಮದ್ದೂರು ತಾಲೂಕಿನ ಆತಕೂರಿನ ಶಾಸನದ ಹೆಸರು ಕೇಳಿರಬಹುದು. ಸುಮಾರು ಕ್ರಿ.ಶ. 950ರದ್ದು. ರಾಷ್ಟ್ರಕೂಟರ ಮೂರನೇ ಕೃಷ್ಣ ಮತ್ತು ಗಂಗರ ಬೂತುಗ ಸೇರಿ ತಕ್ಕೋಲದಲ್ಲಿ ಚೋಳರ ರಾಜಾದಿತ್ಯನ ವಿರುದ್ಧ ಗೆದ್ದ ಸಂಗತಿ ಅದರಲ್ಲಿದೆ. ಅದೇ ಕಲ್ಲಲ್ಲಿ ಇನ್ನೊಂದು ಕಥೆಯೂ ಇದೆ. ಆ ಯುದ್ಧದಲ್ಲಿ ಚೆನ್ನಾಗಿ ಕಾದಿದ ಮಣಲೇರನಿಗೆ ಏನು ಬೇಕೋ ಕೇಳು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ನಾಯಿಯನ್ನ. ಆಮೇಲೆ ಬೇಟೆಯಲ್ಲಿ ಕಾಳಿಯನ್ನ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಹೋರಾಡಿ ಸತ್ತವು. ಮಣಲೇರ ಊರಿನ ದೇವಸ್ಥಾನದ ಮುಂದೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲನ್ನ ಪೂಜಿಸದೆ ಊಟ ಮಾಡಿದ್ರೆ ಪಾಪ ಅಂತ ಅಲ್ಲಿನ ಗೊರವನಿಗೆ ಕಟ್ಟುಪಾಡನ್ನೂ ಬರೆಸಿದ. ನಾಯಿ ಹಂದಿ ಕಾದಾಡೋ ಶಿಲ್ಪವೂ ಅದರ ಮೇಲಿದೆ. ಈಗ ಅದು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾವಿರ ವರ್ಷದ ಹಿಂದೆ ರಾಜರ ಯುದ್ಧದ ಪಕ್ಕದಲ್ಲೇ ನಾಯಿಗೆ ಜಾಗ ಸಿಕ್ಕಿತ್ತು. ನಾವು ಕೇಳ್ತಿರೋದು ಒಂದು ಅಡಿ ಸಿಮೆಂಟು ಅಷ್ಟೇ.

ಹೆಜ್ಜೆ ಗುರುತು ಅನ್ನೋದು ಸಣ್ಣ ವಿಷಯವೂ ಅಲ್ಲ. ಸಿಂಧ್‌ನ ಚನ್ಹುದಾರೋದಲ್ಲಿ 1935–36ರ ಉತ್ಖನನದಲ್ಲಿ ಹರಪ್ಪಾ ಕಾಲದ ಒಂದು ಇಟ್ಟಿಗೆ ಸಿಕ್ತು. ಅದು ಹಸಿ ಇದ್ದಾಗ ಒಂದು ಬೆಕ್ಕು, ಅದರ ಹಿಂದೆ ಒಂದು ನಾಯಿ ತುಳಿದುಕೊಂಡು ಹೋಗಿವೆ. ಆ ಊರಿನ ಜನರ ಹೆಸರು ಒಂದೂ ನಮಗೆ ಗೊತ್ತಿಲ್ಲ, ಅವರ ಬರಹ ಓದೋಕೆ ಬರಲ್ಲ. ಆದ್ರೆ ಅಲ್ಲಿ ಒಂದು ನಾಯಿ ಒಂದು ಬೆಕ್ಕಿನ ಹಿಂದೆ ಬಿದ್ದಿತ್ತು ಅಂತ ಊಹಿಸಬಹುದು.

ಹಾಗಂತ ಹಳೇ ಮನೆ ಹಾಗೇ ಇಟ್ಕೊಳ್ಳಿ ಅಂತ ನಾವು ಹೇಳ್ತಿಲ್ಲ. ಮನೆ ಇರೋದು ಇರೋರಿಗೆ. ಅಜ್ಜಿ ಮೂರನೇ ಸಲ ಜಾರಬಾರದು. ನೆಲ ಹೋಗಲೇಬೇಕಿತ್ತು, ಹೋಯ್ತು. ಹೋಗೋ ಮುಂಚೆ ಆ ತುಂಡನ್ನ ತೆಗೀಬಹುದಿತ್ತು, ತೆಗೆದ್ವಿ. ಮೇಸ್ತ್ರಿ ಮೊದಲು ನಕ್ಕರು. ಆಮೇಲೆ ಅವರೇ ಕಟಿಂಗ್ ಮೆಷಿನ್ ತಗೊಂಡು, ಹೆಜ್ಜೆಯಿಂದ ನಾಲ್ಕು ಬೆರಳು ಬಿಟ್ಟು ಸುತ್ತ ಕೊಯ್ದು, ಅಡಿಯಿಂದ ಉಳಿ ಹಾಕಿ ನಿಧಾನಕ್ಕೆ ಎಬ್ಬಿಸಿದ್ರು. ಎರಡು ಹೆಜ್ಜೆ ಚೆನ್ನಾಗಿ ಬಂದವು, ಒಂದು ಸೀಳಿತು, ಇನ್ನೊಂದು ಪುಡಿಯಾಯ್ತು. ಬಂದ ತುಂಡು ಈಗ ತುಳಸಿಕಟ್ಟೆ ಪಕ್ಕದಲ್ಲಿದೆ.

ನಿಮ್ಮ ಮನೇಲೂ ಇಂಥದ್ದು ಸಿಕ್ಕಿದ್ರೆ ಮಾಡಬಹುದಾದ್ದು ಇಷ್ಟು. ಮೊದಲು ಫೋಟೋ, ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಇಟ್ಟು. ಸ್ಕೇಲ್ ಇಲ್ಲದ ಫೋಟೋದಲ್ಲಿ ನಾಯಿ ದೊಡ್ಡದೋ ಚಿಕ್ಕದೋ ಗೊತ್ತಾಗಲ್ಲ. ಬಿಸಿಲು ಚುಚ್ಚದ ಹೊತ್ತಲ್ಲಿ ಸುತ್ತಲಿಂದ ನಲವತ್ತು ಐವತ್ತು ಫೋಟೋ ತೆಗೆದ್ರೆ ಫೋಟೋಗ್ರಾಮೆಟ್ರಿಯಲ್ಲಿ 3ಡಿ ಮಾಡೆಲ್ ಆಗುತ್ತೆ. ಕೊಯ್ಯೋಕೆ ಆಗದ ಕಡೆ ಧೂಳು ಒರೆಸಿ, ತೆಳುವಾಗಿ ಎಣ್ಣೆ ಸವರಿ, ಸುತ್ತ ಜೇಡಿಮಣ್ಣಿನ ಕಟ್ಟೆ ಕಟ್ಟಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದ್ರೆ ಪಾದದ ಅಚ್ಚು ಎದ್ದುಬರುತ್ತೆ. ಕೊಯ್ಯೋದಾದ್ರೆ ನೀರು ಹಾಕ್ತಾ, ಮಾಸ್ಕ್ ಹಾಕ್ಕೊಂಡು ಕೊಯ್ಯಿಸಿ. ಕಾಂಕ್ರೀಟಿನ ಧೂಳಲ್ಲಿ ಸಿಲಿಕಾ ಇರುತ್ತೆ, ಶ್ವಾಸಕೋಶಕ್ಕೆ ಒಳ್ಳೇದಲ್ಲ. ಮೆಷಿನ್ ಕರೆಂಟಿಂದು, ಆದ್ದರಿಂದ ಆ ಕೆಲಸ ಗೊತ್ತಿರೋರೇ ಮಾಡಲಿ. ಕೆಳಗೆ ಪೈಪೋ ವೈರೋ ಇದೆಯಾ ಅಂತ ಮೊದಲೇ ಕೇಳಿ. ಗುರುತು ತಾರಸಿ ಸ್ಲ್ಯಾಬ್ ಮೇಲಿದ್ರೆ ಮೆಷಿನ್ ಮುಟ್ಟಿಸಲೇಬೇಡಿ, ಅಲ್ಲಿ ಅಚ್ಚು ಮಾತ್ರ.

ಎಲ್ಲಕ್ಕಿಂತ ಮುಖ್ಯ, ಮನೇಲಿ ಹಿರಿಯರನ್ನ ಕರೆದು ತೋರಿಸಿ, ಅವರು ಹೇಳಿದ್ದನ್ನ ರೆಕಾರ್ಡ್ ಮಾಡ್ಕೊಳ್ಳಿ. ಹೆಜ್ಜೆ ಯಾವ ನಾಯಿಯದ್ದು, ಯಾವ ಮಳೆಗಾಲ, ಯಾರು ಬೈದ್ರು, ಯಾರು ಅನ್ನ ಹಾಕಿದ್ರು ಅನ್ನೋದೆಲ್ಲ ಸಿಮೆಂಟಲ್ಲಿ ಇರಲ್ಲ.

ಇನ್ನೇನು ಇಂಟರ್ನಲ್ಸ್ ಮುಗಿದು ರಜೆ ಬರುತ್ತೆ. ನಮ್ಮಲ್ಲಿ ಹಲವರ ಮನೇಲಿ ಯಾರದ್ದಾದ್ರೂ ಮದುವೆಗೋ ಹಬ್ಬಕ್ಕೋ ರಿಪೇರಿ ನಡೀತಾನೇ ಇರುತ್ತೆ. ಊರಿಗೆ ಹೋದಾಗ ಹಿತ್ತಲು, ಕೊಟ್ಟಿಗೆ, ನೀರಿನ ತೊಟ್ಟಿ ಪಕ್ಕ, ಮೆಟ್ಟಿಲ ಕೆಳಗೆ ಒಂದು ಸುತ್ತು ನೋಡಿ ಬನ್ನಿ. ಏನಾದ್ರೂ ಸಿಕ್ಕಿದ್ರೆ ನಾಯಿಯ ಹೆಸರಿನ ಸಮೇತ ಕನ್ನಡ ಸಂಘಕ್ಕೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಬೆಕ್ಕಿನವರೂ ಕಳಿಸಬಹುದು. ಸ್ಕೇಲ್ ಇಡೋದು ಮಾತ್ರ ಮರೀಬೇಡಿ.